ಹಾಸನಕ್ಕೆ ವಾಪಸ್ ಬಂದೆವು, ಮಗಳ ಹಗ್ಗ ಹಿಡಿಯುವವರು ಯಾರು?

ಹಾಸನ (ಮೊದಲು ಎರ್ಲಾಂಗನ್):

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಇದ್ದವಳು, ಮೊದಲ ಸಲ ಬರೆಯುತ್ತಿದ್ದೇನೆ. 11 ವರ್ಷ ಜರ್ಮನಿಯಲ್ಲಿದ್ದು, ಮಾವನವರಿಗೆ ಹುಷಾರಿಲ್ಲ ಅಂತ ಹೋದ ಜೂನ್‌ನಲ್ಲಿ ಹಾಸನಕ್ಕೆ ಬಂದೆವು. ಮನೆ, ಸ್ಕೂಲು, ಗ್ಯಾಸು ಎಲ್ಲ ಒಂದು ಹದಕ್ಕೆ ಬಂತು. ಮಗಳೊಬ್ಬಳು ಬರಲಿಲ್ಲ. ಅಂದರೆ ಬಂದಿದ್ದಾಳೆ, ಮನಸ್ಸು ಅಲ್ಲೇ ಇದೆ.

ಅವಳಿಗೆ 13. ಅಲ್ಲಿ ಆಲ್ಪೈನ್ ಕ್ಲಬ್ಬಿನ ಮಕ್ಕಳ ಗುಂಪಿನಲ್ಲಿ 5 ವರ್ಷ ಕ್ಲೈಂಬಿಂಗ್ ಮಾಡಿದ್ದಾಳೆ. ಚಳಿಗಾಲದಲ್ಲಿ ಹಾಲ್ ಒಳಗೆ, ಬೇಸಿಗೆಯಲ್ಲಿ ಫ್ರಾಂಕನ್‌ಯೂರಾದ ಸುಣ್ಣಕಲ್ಲಿನ ಬಂಡೆಗಳ ಮೇಲೆ. ದಯವಿಟ್ಟು ಗಮನಿಸಿ, ಇದು ಟ್ರೆಕ್ಕಿಂಗ್ ಅಲ್ಲ. ಬಂಡೆಗೆ ಮೊದಲೇ ಬೋಲ್ಟ್ ಹೊಡೆದಿರುತ್ತಾರೆ. ಹತ್ತುವವರು ಸೊಂಟದ ಹಾರ್ನೆಸ್‌ಗೆ ಹಗ್ಗ ಕಟ್ಟಿಕೊಂಡು, ಒಂದೊಂದೇ ಬೋಲ್ಟಿಗೆ ಹಗ್ಗ ಸಿಕ್ಕಿಸಿಕೊಳ್ಳುತ್ತಾ ಮೇಲೆ ಹೋಗುತ್ತಾರೆ, ಕೆಳಗೆ ಇನ್ನೊಬ್ಬರು ಆ ಹಗ್ಗ ಹಿಡಿದಿರುತ್ತಾರೆ. ಸ್ಪೋರ್ಟ್ ಕ್ಲೈಂಬಿಂಗ್.

ಇಲ್ಲಿ ಒಂದು ಸಲ ಪ್ರಯತ್ನಪಟ್ಟೆವು. ಚಿಕ್ಕಮಗಳೂರು ಕಡೆ ಒಂದು ರೆಸಾರ್ಟ್‌ನವರು ರಾಕ್ ಕ್ಲೈಂಬಿಂಗ್ ಇದೆ ಅಂದರು. ಹೋಗಿ ನೋಡಿದರೆ ಜಿಪ್‌ಲೈನ್ ಪಕ್ಕ ಒಂದು ಹಲಗೆ ಗೋಡೆ, ಬಿಸಿಲಿಗೆ ಬಣ್ಣ ಹೋದ ಹಾರ್ನೆಸ್. ಹುಡುಗ ಬಂದು ಹಗ್ಗ ಕಟ್ಟಿದ. ಇವಳು ಬಗ್ಗಿ ನೋಡಿ, ಅಮ್ಮ ಇದು ಎಂಟರ ಗಂಟಲ್ಲ (ಹಾರ್ನೆಸ್‌ಗೆ ಹಗ್ಗ ಕಟ್ಟುವ, 8ರ ಆಕಾರದ ಗಂಟು), ನಾನು ಹತ್ತಲ್ಲ ಅಂದಳು. ಅವನು ನಕ್ಕ. ಪುಟ್ಟಿ ಹೆದರಿಕೊಂಡಿದೆ ಮೇಡಂ ಅಂದ. ವಾಪಸ್ ಬರುವಾಗ ಕಾರಲ್ಲಿ ಒಂದು ಮಾತಿಲ್ಲ. ಈಗ ಮನೆಯ ಸಜ್ಜಾ ಹಿಡಿದು ನೇತಾಡುತ್ತಾಳೆ, ಅತ್ತೆಯವರಿಗೆ ಎದೆ ಧಸಕ್ ಅನ್ನುತ್ತೆ.

ಹಾಸನದಲ್ಲಿ ಇದ್ದುಕೊಂಡು ಹೊರಗಿನ ಬಂಡೆ ಹತ್ತುವುದನ್ನು ಎಲ್ಲಿಂದ ಶುರು ಮಾಡಬೇಕು? ಯಾರನ್ನು ಕೇಳಬೇಕು? ಏನು ಕೊಳ್ಳಬೇಕು? ಗೊತ್ತಿರುವವರು ಹೇಳಿ.

ಮೂಡಿಗೆರೆ, ಈಗ ಡಲ್ಲಾಸ್:

ಅಕ್ಕ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನಿಮ್ಮ ಕಥೆ. ಮುಳ್ಳಯ್ಯನಗಿರಿ ಇದೆ, 1930 ಮೀಟರ್, ಇಡೀ ರಾಜ್ಯಕ್ಕೇ ಎತ್ತರ. ನಮ್ಮ ಎತ್ತಿನಭುಜ ಇದೆ. ಭಾನುವಾರ ಬೆಳಿಗ್ಗೆ ಬೇಗ ಹೊರಡಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹತ್ತಿಸಿ. ನಾವು ಚಿಕ್ಕವರಿದ್ದಾಗ ಚಪ್ಪಲಿ ಇಲ್ಲದೆ ಹತ್ತಿದವರು. ನನ್ನ ಮಗನಿಗೆ 15 ಆಯಿತು, ಒಂದು ಸೀಬೆ ಮರ ಹತ್ತಲು ಬರಲ್ಲ. ಹೋದ ಸಲ ತೋಟಕ್ಕೆ ಕರೆದುಕೊಂಡು ಹೋದರೆ ಜಿಗಣೆ ನೋಡಿ ಕಾರಿನಿಂದ ಇಳಿಯಲೇ ಇಲ್ಲ. ತಪ್ಪು ಅವನದಲ್ಲ ಬಿಡಿ.

ಅರಕಲಗೂಡು, ಈಗ ಬೆಂಗಳೂರು (ಮೊದಲು ಗ್ರೆನೋಬಲ್):

ಟ್ರೆಕ್ಕಿಂಗ್ ಅಲ್ಲ ಅಂತ ಅವರೇ ಬರೆದಿದ್ದಾರಲ್ಲ ಸರ್!

ಮೇಡಂ, ಸ್ವಲ್ಪ ಉದ್ದ ಬರೆಯುತ್ತೇನೆ. ನಾನೂ ಇದೇ ದಾರಿಯಲ್ಲಿ ಬಂದವನು. ನಿಮಗೆ ಬೇಕಾದ್ದು ಬಾದಾಮಿ. ಕೆಂಪು ಮರಳುಕಲ್ಲು, ನೇರ ಗೋಡೆ, ಬೋಲ್ಟ್ ಹೊಡೆದ ರೂಟ್‌ಗಳು ಸುಲಭದಿಂದ ಹಿಡಿದು ಗಣೇಶ ಅನ್ನುವ ತುಂಬಾ ಕಷ್ಟದ ರೂಟ್ (ದರ್ಜೆ 8ಬಿ+) ತನಕ ಇವೆ. ಹಂಪಿ ಅಂತ ಯಾರಾದರೂ ಹೇಳಿದರೆ ಅದು ಬೌಲ್ಡರಿಂಗ್‌ಗೆ ಹೆಸರಾದದ್ದು, ಹಗ್ಗ ಇಲ್ಲದೆ ಚಿಕ್ಕ ಬಂಡೆ, ಕೆಳಗೆ ಹಾಸಿಗೆ. ರಾಮನಗರದಲ್ಲಿ ಗ್ರಾನೈಟ್ ಇದೆ, ಆದರೆ ರಾಮದೇವರಬೆಟ್ಟ ರಣಹದ್ದುಗಳ ಧಾಮ, ಅರಣ್ಯ ಇಲಾಖೆಯನ್ನು ಕೇಳದೆ ಹೋಗಬೇಡಿ. ನಮ್ಮ ಕಡೆಯ ಬಂಡೆಗಳಲ್ಲಿ ಇನ್ನೊಂದು ವಿಷಯ, ಹೆಜ್ಜೇನು. ಜರ್ಮನಿಯಲ್ಲಿ ಅವಳಿಗೆ ಇದನ್ನು ಯಾರೂ ಕಲಿಸಿರುವುದಿಲ್ಲ. ಬುಡದಲ್ಲಿ ನಿಂತು ಮೊದಲು ಮೇಲೆ ಕತ್ತೆತ್ತಿ ನೋಡಬೇಕು. ತಟ್ಟೆ ಕಟ್ಟಿದ್ದರೆ ಆ ಗೋಡೆ ಬಿಟ್ಟು ಬೇರೆ ಕಡೆ. ಸೆಂಟು ಹಾಕಿಕೊಂಡು ಹೋಗುವುದು, ಹತ್ತಿರ ಬೆಂಕಿ ಹಚ್ಚುವುದು ಬೇಡವೇ ಬೇಡ.

ಹೋಗುವುದು ಕಷ್ಟವಿಲ್ಲ. ಅರಸೀಕೆರೆಗೆ ಬನ್ನಿ, ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬಾದಾಮಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಆದರೆ ಕಲ್ಲು ಕಾದು ಹೆಂಚು. ಮಳೆ ಬಿದ್ದ ಮರುದಿನ ಮರಳುಕಲ್ಲು ಹತ್ತಬಾರದು, ನೀರು ಕುಡಿದ ಕಲ್ಲು ಕೈಯಲ್ಲೇ ಮುರಿದು ಬರುತ್ತದೆ. ಒಂದೆರಡು ದಿನ ಒಣಗಲಿ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಸರ್ಕಾರದ್ದು, ಅವರು ಬಂಡೆ ಹತ್ತುವ ಕೋರ್ಸ್ ಮಾಡುತ್ತಾರೆ, ಮೊದಲು ಅಲ್ಲಿ ಕೇಳಿ. ನಡುವೆ ಅಭ್ಯಾಸಕ್ಕೆ ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಗೋಡೆ ಇದೆ. ಈಗ ಕುಣಿಗಲ್ ಮೇಲೆ ರೈಲೇ ಇದೆಯಲ್ಲ, ತಿಂಗಳಿಗೊಂದು ಸಲ ಬಂದು ಹೋಗಬಹುದು.

ಅವಳಿಗೆ ಹಾಲ್ ಗೊತ್ತು, ಗುಂಪಿನ ಜೊತೆ ಬಂಡೆಯೂ ಗೊತ್ತು. ಆದರೆ ರೂಟ್ ಮುಗಿಯುವಲ್ಲಿ ಬಂಡೆಗೆ ಬಿಗಿದ ಉಂಗುರಗಳಲ್ಲಿ, ಅಂದರೆ ಮೇಲಿನ ಆ್ಯಂಕರ್‌ನಲ್ಲಿ, ತಾನೇ ಹಗ್ಗ ಬಿಚ್ಚಿ, ಉಂಗುರದಲ್ಲಿ ತೂರಿಸಿ, ಮತ್ತೆ ಕಟ್ಟಿಕೊಂಡು ಇಳಿಯುವುದನ್ನು ಒಬ್ಬಳೇ ಮಾಡಿದ್ದಾಳಾ ಕೇಳಿ. ಒಳಗೆ ಚೆನ್ನಾಗಿ ಹತ್ತುವವರು ಹೊರಗೆ ಎಡವುವುದು ಅಲ್ಲೇ. ಅದನ್ನು ನೆಲದ ಮೇಲೆ ನಿಂತು, ಕಿಟಕಿ ಸರಳಿಗೆ ಹಗ್ಗ ಹಾಕಿ ಐವತ್ತು ಸಲ ಮಾಡಲಿ. ಇನ್ನೊಂದು, ಹಗ್ಗದ ತುದಿಗೆ ಯಾವಾಗಲೂ ಗಂಟು. ರೂಟ್ ಉದ್ದ, ಹಗ್ಗ ಗಿಡ್ಡ ಆದಾಗ ಇಳಿಸುವವರ ಕೈಯಿಂದ ತುದಿ ಜಾರಿಹೋಗಿ ಬಿದ್ದವರಿದ್ದಾರೆ.

ಹೊಳೆನರಸೀಪುರ, ಈಗ ಸಿಡ್ನಿ:

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಪ್ರಶ್ನೆ ಬಂಡೆಯದ್ದಲ್ಲ. ನೀವು 13 ವರ್ಷದ ಮಗುವನ್ನು ಕಿತ್ತು ತಂದಿದ್ದೀರಿ. ವಾಪಸ್ ಹೋಗುವುದಾದರೆ ಮಗುವಿಗೆ 7 ಆಗುವ ಮೊದಲು ಹೋಗಬೇಕು, ಇಲ್ಲವಾದರೆ ಹೋಗಲೇಬಾರದು. ಇದನ್ನು ನಾನು ಈ ಗುಂಪಿನಲ್ಲಿ ಹತ್ತು ಸಲ ಹೇಳಿದ್ದೇನೆ. ಎಂಟನೇ ಕ್ಲಾಸು ಅಂದರೆ ಇನ್ನೆರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ನೀಟು, ಸಿಇಟಿ. ಕನ್ನಡ ಓದಲು ಬರೆಯಲು ಬರುತ್ತಾ ಅವಳಿಗೆ? ಅದು ಬಿಟ್ಟು ಬಾದಾಮಿಗೆ ರೈಲು ಹತ್ತಿಸಿ ಅಂತ ಸಲಹೆ ಕೊಡುವವರು ನಾಳೆ ಅವಳ ಫೀಸು ಕಟ್ಟುತ್ತಾರಾ? ಬಿದ್ದು ಕೈ ಮುರಿದರೆ ಯಾರು ಹೊಣೆ? ಹೆಣ್ಣುಮಗು ಬೇರೆ. ಎರಡು ವರ್ಷ ಎಲ್ಲ ಮುಚ್ಚಿಟ್ಟು ಓದಿಸಿ.

ಬೇಲೂರು, ಈಗ ಲೀಡ್ಸ್:

ಹೆಣ್ಣುಮಗು ಬೇರೆ ಅಂದರೆ ಏನು ಸರ್ ಅರ್ಥ?

ಹೊಳೆನರಸೀಪುರ, ಈಗ ಸಿಡ್ನಿ:

ಅರ್ಥ ನಿಮಗೂ ಗೊತ್ತಿದೆ ಮೇಡಂ. ನಾನು ಹಾಸನದಲ್ಲೇ ಬೆಳೆದವನು.

ತರೀಕೆರೆ, ಈಗ ಟೊರೊಂಟೊ:

ಸರ್ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ವಾಪಸ್ ಹೋಗುವ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ನಾವು 2016ರಲ್ಲಿ ಮನೆ ಸಾಮಾನು ಪ್ಯಾಕ್ ಮಾಡಿ, ಕೊನೆಗೆ ಬಿಚ್ಚಿಟ್ಟೆವು. ಈಗಲೂ ಒಂದು ಡಬ್ಬ ಬಿಚ್ಚಿಲ್ಲ. ಆದರೆ ಬಂಡೆ ಹತ್ತುವುದು ವಿದೇಶಿ ವಿದ್ಯೆ ಅನ್ನುವ ಹಾಗೆ ಮಾತಾಡುವುದು ಬೇಡ. ಚಿತ್ರದುರ್ಗದ ಜ್ಯೋತಿರಾಜ್ ಕೋಟೆ ಗೋಡೆಯನ್ನು ಹಗ್ಗ ಇಲ್ಲದೆ ಹತ್ತುತ್ತಾರೆ. ನಮಗೆ ಜರ್ಮನಿಯವರು ಹೇಳಿಕೊಡಬೇಕಾ?

ಸಕಲೇಶಪುರ, ಈಗ ಸ್ಟುಟ್‌ಗಾರ್ಟ್:

ಜ್ಯೋತಿರಾಜ್ ಮೇಲೆ ಗೌರವ ಇದೆ, ಆದರೆ ಅದನ್ನು 13 ವರ್ಷದ ಹುಡುಗಿಗೆ ಮಾದರಿ ಅಂತ ಹೇಳಬೇಡಿ. ಇನ್ನು ಜರ್ಮನಿಯ ಮಾತು ಬಂತು ಅಂತ ಹೇಳುತ್ತೇನೆ. ಮೇಡಂ ಹೇಳಿದ ಆ ಫ್ರಾಂಕನ್‌ಯೂರಾ ಸಾಮಾನ್ಯ ಜಾಗ ಅಲ್ಲ. 1975ರಲ್ಲಿ ಕುರ್ಟ್ ಆಲ್ಬರ್ಟ್ ಅನ್ನುವವರು, ಮೊಳೆ ಹಿಡಿದು ನೇತಾಡದೆ ಕೈಕಾಲಿನ ಬಲದಿಂದಲೇ ಹತ್ತಿದ ರೂಟಿನ ಬುಡದಲ್ಲಿ ಕೆಂಪು ಚುಕ್ಕೆ ಬಳಿಯಲು ಶುರು ಮಾಡಿದ್ದು ಅಲ್ಲೇ. ಈಗ ಜಗತ್ತೆಲ್ಲ ರೆಡ್‌ಪಾಯಿಂಟ್ ಅನ್ನುತ್ತಾರಲ್ಲ, ಆ ಮಾತು ಬಂದಿದ್ದು ಅದರಿಂದ. ಅಂಥ ಕಡೆ ಬೆಳೆದ ಹುಡುಗಿಗೆ ರೆಸಾರ್ಟ್ ಹಲಗೆ ತೋರಿಸಿದರೆ ಅಳು ಬರದೆ ಇರುತ್ತಾ.

ಒಂದು ಮಾತು ಮೇಡಂ. ಜಾಗ ಸಿಗುತ್ತದೆ, ಹಗ್ಗ ಸಿಗುತ್ತದೆ. ಕೆಳಗೆ ನಿಂತು ಬಿಲೇ ಮಾಡುವವರು, ಅಂದರೆ ಹಗ್ಗ ಹಿಡಿಯುವವರು, ಸಿಗುವುದು ಕಷ್ಟ. ಅಲ್ಲಿ ಅವಳಿಗೆ ಗುಂಪಿತ್ತು, ಇಲ್ಲಿ ಇಲ್ಲ. ನೀವೇ ಕಲಿಯಿರಿ. ಹತ್ತುವುದು ಬೇಡ, ಹಗ್ಗ ಹಿಡಿಯುವುದು ಸಾಕು. ಗ್ರಿಗ್ರಿ ಥರದ್ದು, ಅಂದರೆ ಹಗ್ಗಕ್ಕೆ ಬ್ರೇಕ್ ಹಾಕುವ ಸಾಧನ, ತೆಗೆದುಕೊಂಡರೆ ಕೈ ತಪ್ಪಿದರೂ ಬಹುತೇಕ ಅದೇ ಹಗ್ಗ ಕಚ್ಚಿಕೊಳ್ಳುತ್ತದೆ, ಹಾಗಂತ ಕೆಳಗಿನ ಹಗ್ಗದಿಂದ ಕೈ ಬಿಡುವ ಹಾಗಿಲ್ಲ. ಹುಡುಗಿಗಿಂತ ನೀವು ತೂಕ ಜಾಸ್ತಿ ಇದ್ದರೆ ಸುಲಭ. ಅವಳು ಅಪ್ಪನಿಗೆ ಹಗ್ಗ ಹಿಡಿಯುವುದು ಮಾತ್ರ ಈಗ ಬೇಡ, ಅವರು ಬಿದ್ದರೆ ಇವಳು ಗಾಳಿಯಲ್ಲಿ!

ಹೊಳೆನರಸೀಪುರ, ಈಗ ಸಿಡ್ನಿ:

ಅಂದರೆ ಈಗ ತಾಯಿಯೂ ಬಂಡೆ ಬುಡದಲ್ಲಿ ನಿಲ್ಲಬೇಕು. ಮನೆಯಲ್ಲಿ ಹುಷಾರಿಲ್ಲದ ಮಾವನನ್ನು ಯಾರು ನೋಡುತ್ತಾರೆ? ಅದಕ್ಕೇ ಅಲ್ವಾ ವಾಪಸ್ ಹೋಗಿದ್ದು? ನಾನು ಹೇಳಿದ್ದಕ್ಕೆ ಒಬ್ಬರೂ ಉತ್ತರ ಕೊಟ್ಟಿಲ್ಲ.

ಕಡೂರು, ಈಗ ದುಬೈ:

ಸರ್ ಹೇಳುವುದು ನೂರಕ್ಕೆ ನೂರು ನಿಜ. ಮೊದಲು ಕನ್ನಡ ಟ್ಯೂಷನ್.

ಮೂಡಿಗೆರೆ, ಈಗ ಡಲ್ಲಾಸ್:

ಕನ್ನಡ ಟ್ಯೂಷನ್‌ಗೆ ಹಾಸನದಲ್ಲಿ ಯಾರಾದರೂ ಗೊತ್ತಾ? ನಮ್ಮ ಅಕ್ಕನ ಮಗನಿಗೂ ಬೇಕಿತ್ತು.

(ಇದಾದ ಮೇಲೆ ಟ್ಯೂಷನ್ ಬಗ್ಗೆಯೇ 26 ಉತ್ತರ. ರಾಜ್ಯ ಸಿಲಬಸ್ಸಾ ಸಿಬಿಎಸ್‌ಇಯಾ ಅನ್ನುವಲ್ಲಿಗೆ ಹೋಗಿ ಇಬ್ಬರು ಗುಂಪು ಬಿಟ್ಟರು.)

ಬೇಲೂರು, ಈಗ ಲೀಡ್ಸ್:

ನಾನು ಜಗಳಕ್ಕೆ ಬಂದಿಲ್ಲ. ನನ್ನ ಮಗ ಈಜುತ್ತಿದ್ದ. ಇಂಡಿಯಾದಿಂದ ಇಲ್ಲಿಗೆ ಬಂದಾಗ ಅವನಿಗೆ 12. ಮೊದಲು ಸೆಟ್ಲ್ ಆಗೋಣ, ಆಮೇಲೆ ಈಜು ಅಂದೆವು. ಆಮೇಲೆ ಅನ್ನುವುದು ಬರಲೇ ಇಲ್ಲ. ಕನ್ನಡಕ್ಕೆ ಭಾನುವಾರ ಕ್ಲಾಸಿಗೂ ಕಳಿಸಿದೆವು, ಅಲ್ಲಿ ಹೋಗಿ ಸುಮ್ನೆ ಕೂತು ಬರುತ್ತಿದ್ದ. ಈಗ 24. ಫೋನ್ ಮಾಡುತ್ತಾನೆ, ಚೆನ್ನಾಗಿದ್ದೇನೆ ಅನ್ನುತ್ತಾನೆ, ಇಡುತ್ತಾನೆ. ಈಜು ಬಿಡಿಸಿದ್ದಕ್ಕೇ ಹೀಗಾಯಿತು ಅಂತ ಹೇಳಲಾರೆ. ಆದರೆ ನಿಮ್ಮ ಮಗಳು ಗಂಟು ನೋಡಿ ಹತ್ತಲ್ಲ ಅಂದಳಲ್ಲ, ಅದನ್ನು ಓದಿದಾಗಿನಿಂದ ಯೋಚಿಸುತ್ತಿದ್ದೇನೆ. ಜಾಣೆ ಕಣ್ರೀ ಅವಳು.

ಹಾಸನ (ಮೊದಲು ಎರ್ಲಾಂಗನ್):

ಎಲ್ಲರಿಗೂ ಥ್ಯಾಂಕ್ಸ್. ಉತ್ತರ ತಡವಾಯಿತು, ಮಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು, ಈಗ ಪರವಾಗಿಲ್ಲ.

ಸಿಡ್ನಿ ಸರ್, ಕನ್ನಡ ಓದುತ್ತಾಳೆ. ಒತ್ತಕ್ಷರ ತಪ್ಪುತ್ತದೆ, ಅದು ನನಗೂ ತಪ್ಪುತ್ತದೆ. ವಾಪಸ್ ಬಂದಿದ್ದು ಸರಿಯಾ ತಪ್ಪಾ ಅಂತ ರಾತ್ರಿ ನಾವೇ ಬೇಕಾದಷ್ಟು ಯೋಚನೆ ಮಾಡುತ್ತೇವೆ, ಅದಕ್ಕೆ ಇಲ್ಲಿ ಸಹಾಯ ಬೇಡ.

ಅರಕಲಗೂಡಿನವರೇ, ನೀವು ಹೇಳಿದ ಹಾಗೆ ಕೇಳಿದೆ. ಆ್ಯಂಕರ್‌ನಲ್ಲಿ ಬಿಚ್ಚಿ ಕಟ್ಟುವುದನ್ನು ಎರಡೇ ಸಲ ಮಾಡಿದ್ದಾಳಂತೆ, ಅದೂ ಪಕ್ಕದಲ್ಲಿ ಟ್ರೇನರ್ ಇದ್ದಾಗ. ಈಗ ದೇವರಮನೆ ಪಕ್ಕದ ಕಿಟಕಿಯಲ್ಲಿ ಅಭ್ಯಾಸ ನಡೀತಿದೆ. ಹೆಜ್ಜೇನಿನ ವಿಷಯ ಕೇಳಿ ಮಾವ ಎದ್ದು ಕೂತು ಒಂದು ಗಂಟೆ ಕಥೆ ಹೇಳಿದರು, ಚಿಕ್ಕವರಿದ್ದಾಗ ಜೇನು ಕೀಳಲು ಬಂಡೆಗೆ ಬಿಳಲು ಕಟ್ಟಿ ಇಳಿಯುವವರ ಜೊತೆ ಹೋಗುತ್ತಿದ್ದರಂತೆ. ಆ ಬಿಳಲಿಗೆ ಯಾವ ಗಂಟು ಹಾಕುತ್ತಿದ್ದಿರಿ ತಾತ ಅಂತ ಇವಳು. ಇಬ್ಬರೂ ಪಂಚೆ ಅಂಚಿನಲ್ಲಿ ಗಂಟು ಹಾಕಿ ನೋಡುತ್ತಿದ್ದರು.

ಡಿಸೆಂಬರ್ ಕೊನೆಗೆ ಅರಸೀಕೆರೆಯಿಂದ ಬಾದಾಮಿಗೆ ಎರಡು ಟಿಕೆಟ್ ಆಗಿದೆ. ನಾನು ಮತ್ತು ಅವಳು. ಯಜಮಾನರು ಮಾವನ ಜೊತೆ ಇರುತ್ತಾರೆ. ನಾನು ಹಗ್ಗ ಹಿಡಿಯುವುದನ್ನು ಕಲಿಯುತ್ತಿದ್ದೇನೆ, ಮಗಳೇ ಟೀಚರ್, ತುಂಬಾ ಬೈಯುತ್ತಾಳೆ. ಆದರೂ ಅಲ್ಲಿ ಮೊದಲ ಎರಡು ದಿನ ಕಲಿಸುವವರ ಜೊತೆಯಲ್ಲೇ ಹತ್ತುವುದು ಅಂತ ಮಾತಾಗಿದೆ.

ಸಕಲೇಶಪುರ, ಈಗ ಸ್ಟುಟ್‌ಗಾರ್ಟ್:

ಬಹಳ ಸಂತೋಷ ಮೇಡಂ. ಹಗ್ಗ, ಹಾರ್ನೆಸ್ ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳಬೇಡಿ, ಯಾರು ಹೇಗೆ ಬಳಸಿದ್ದರೋ ನೋಡಿದರೆ ಗೊತ್ತಾಗಲ್ಲ. ಹಗ್ಗದ ಮೇಲೆ ಇಎನ್ 892 (ಕ್ಲೈಂಬಿಂಗ್ ಹಗ್ಗಕ್ಕಿರುವ ಯುರೋಪಿನ ಸುರಕ್ಷತಾ ಮಾನದಂಡ) ಅಂತ ಇರಬೇಕು. ಹೆಲ್ಮೆಟ್ ಇಬ್ಬರಿಗೂ, ಕೆಳಗೆ ನಿಲ್ಲುವವರ ತಲೆ ಮೇಲೇ ಕಲ್ಲು ಬೀಳುವುದು. ಬೋಲ್ಟ್ ಕೈಯಲ್ಲಿ ಅಲುಗಾಡಿದರೆ ಆ ರೂಟ್ ಬಿಡಿ. ನಾನು ಡಿಸೆಂಬರ್ ಎರಡನೇ ವಾರ ಊರಿಗೆ ಬರುತ್ತಿದ್ದೇನೆ, ಸೂಟ್‌ಕೇಸ್‌ನಲ್ಲಿ ಜಾಗ ಇದೆ. ಶೂ ಬೇಕಾದರೆ ಸೈಜ್ ಹೇಳಿ.

ಹಾಸನ (ಮೊದಲು ಎರ್ಲಾಂಗನ್):

ಅಯ್ಯೋ, ದೊಡ್ಡ ಉಪಕಾರ. 36 ಸೈಜ್. ದುಡ್ಡು ಅಲ್ಲಿಂದಲೇ ಕಳಿಸುತ್ತೇನೆ, ಅಕೌಂಟ್ ಇನ್ನೂ ಇದೆ.

ಹಾಸನ (ಮೊದಲು ಎರ್ಲಾಂಗನ್):

ತಡೆಯಿರಿ, 36 ತರಬೇಡಿ. ಈಗ ನಿಲ್ಲಿಸಿ ಪಾದ ಅಳೆದೆ, 38 ಆಗಿದ್ದಾಳೆ.