ಪದಚರ್ಚೆ: ಕೆ-ಪಾಪ್ ಬರಹಕ್ಕೆ ‘ಕಲ್ಚರಲ್ ಅಪ್ರೋಪ್ರಿಯೇಶನ್’ – ಇಂದು ಸಂಜೆಯೊಳಗೆ ಬೇಕು

ಎಸ್.ಆರ್., ಬೆಂಗಳೂರು | ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ.

ವಾರದ ಪುರವಣಿಯೊಂದಕ್ಕೆ ಕೆ-ಪಾಪ್ ಬಗ್ಗೆ ಒಂದು ಇಂಗ್ಲಿಷ್ ಬರಹ ಕನ್ನಡಕ್ಕೆ ತರುತ್ತಿದ್ದೇನೆ. ಪುಟ ಸಂಜೆ 6ಕ್ಕೆ ಹೋಗಬೇಕು. ಸಿಕ್ಕಿಕೊಂಡಿರುವುದು ‘ಕಲ್ಚರಲ್ ಅಪ್ರೋಪ್ರಿಯೇಶನ್’ ಹತ್ತಿರ, ಅಂದರೆ ಬೇರೆ ಸಮುದಾಯದ ಸಂಸ್ಕೃತಿಯ ಗುರುತುಗಳನ್ನು ಆಕ್ಷೇಪ ಬರುವಂತೆ ತಮ್ಮದಾಗಿಸಿಕೊಳ್ಳುವುದು. ಶೀರ್ಷಿಕೆಯಲ್ಲೂ ಅದೇ ಇರುವುದರಿಂದ ಹಾರಿಸಿ ಮುಂದೆ ಹೋಗುವ ಹಾಗಿಲ್ಲ.

ಬರಹದ ವಾದ ಇಷ್ಟು: ಕೊರಿಯಾದ ಪಾಪ್ ನಿಂತಿರುವುದೇ ಅಮೆರಿಕದ ಕಪ್ಪು ಜನರ ಸಂಗೀತದ ಮೇಲೆ. ರ‍್ಯಾಪ್, ಆರ್ ಅಂಡ್ ಬಿ, ಇವೆರಡನ್ನೂ ಬೆರೆಸಿದ ನ್ಯೂ ಜ್ಯಾಕ್ ಸ್ವಿಂಗ್ ಶೈಲಿ, ಕುಣಿತ ಎಲ್ಲವೂ ಅಲ್ಲಿಯವು. ಇದನ್ನು ಲೇಖಕಿ ಸಾಲ ಎನ್ನುತ್ತಾರೆ. ಐಡಲ್‌ಗಳು (ಕೆ-ಪಾಪ್ ತಾರೆಯರು) ಆಫ್ರಿಕನ್ ಜಡೆ ಹೆಣೆಸಿಕೊಂಡು ಫೋಟೊ ತೆಗೆಸುವುದು, ಮುಖಕ್ಕೆ ಕಪ್ಪು ಬಳಿದು ನಗಿಸುವುದು ಬಂದಾಗ ಆ ಇನ್ನೊಂದು ಪದ ಬಳಸುತ್ತಾರೆ.

ನನ್ನ ಹತ್ತಿರ ಇರುವವು: ಸ್ವಾಯತ್ತೀಕರಣ, ಸ್ವಾಂಗೀಕರಣ, ಅಪಹರಣ. ಸಂಪಾದಕರು “ಸಂಸ್ಕೃತಿಗಳ್ಳತನ ಅಂತ ಹಾಕಿ ಮುಗಿಸಿ ಮೇಡಂ” ಅನ್ನುತ್ತಿದ್ದಾರೆ. ದಯವಿಟ್ಟು ಬೇಗ.

ಕೆ.ವಿ.ಎನ್., ಮೈಸೂರು | 10:15

ಸಂಸ್ಕೃತಿಗಳ್ಳತನ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ತಪ್ಪು ಸಮಾಸ. ಸಂಪಾದಕರಿಗೆ ತಿಳಿಸಿ.

ಸ್ವಾಯತ್ತೀಕರಣ ಬೇಡವೇ ಬೇಡ. ಆಯತ್ತ ಎಂದರೆ ಅಧೀನ, ಆದ್ದರಿಂದ ಸಂಸ್ಕೃತದಲ್ಲಿ ‘ತನ್ನ ವಶಕ್ಕೆ ತಂದುಕೊಳ್ಳುವುದು’ ಎಂಬ ಅರ್ಥ ಹೊರಡುತ್ತದೆ, ಸರಿ. ಆದರೆ ಕನ್ನಡದಲ್ಲಿ ಸ್ವಾಯತ್ತ ಎಂದೊಡನೆ ಸ್ವಾಯತ್ತ ಕಾಲೇಜು, ಸ್ವಾಯತ್ತ ಸಂಸ್ಥೆ. ಓದುಗ ಕೊರಿಯಾಕ್ಕೆ ಯಾರೋ ಸ್ವಾತಂತ್ರ್ಯ ಕೊಟ್ಟರು ಎಂದುಕೊಳ್ಳುತ್ತಾನೆ. ಸ್ವಾಂಗೀಕರಣ ನಮ್ಮ ವಿಮರ್ಶೆಯಲ್ಲಿ ಹೊಗಳಿಕೆಯ ಮಾತು. ಹೊರಗಿನದನ್ನು ಅರಗಿಸಿಕೊಂಡು ತನ್ನ ಅಂಗವಾಗಿಸಿಕೊಂಡ ಕವಿಗೆ ಹೇಳುವುದು. ಇಲ್ಲಿ ಆಕ್ಷೇಪದ ಧ್ವನಿ ಬೇಕು.

‘ಆಪೋಶನ’ ಬಳಸಿ. ಊಟಕ್ಕೆ ಮೊದಲು ಅಂಗೈಯಲ್ಲಿ ನೀರಿಟ್ಟು ಮಂತ್ರ ಹೇಳಿ ಕುಡಿಯುವುದು ಆಪೋಶನ, ಊಟದ ಕೊನೆಗೆ ಉತ್ತರಾಪೋಶನ. ಅಲ್ಲಿಂದ ಕನ್ನಡ ಸ್ವತಂತ್ರವಾಗಿ ಒಂದು ಅರ್ಥ ಬೆಳೆಸಿಕೊಂಡಿದೆ: ‘ಆಪೋಶನ ತೆಗೆದುಕೊಂಡ’ ಎಂದರೆ ಸದ್ದಿಲ್ಲದೆ ಪೂರ್ತಿ ಒಳಗೆ ಹಾಕಿಕೊಂಡ. ಪತ್ರಿಕೆಗಳಲ್ಲಿ ಪಕ್ಷ ಪಕ್ಷವನ್ನು ಆಪೋಶನ ತೆಗೆದುಕೊಳ್ಳುತ್ತದೆ. ‘ಸಾಂಸ್ಕೃತಿಕ ಆಪೋಶನ’ – ತತ್ಸಮಕ್ಕೆ ತತ್ಸಮ, ಸಮಾಸದ ತಕರಾರೂ ಇಲ್ಲ.

ಬಿ.ಎಂ., ಧಾರವಾಡ | 10:32

ಆಪೋಶನ ಯಾರಿಗೆ ತಿಳೀತದ್ರೀ ಸರ? ಪಂಕ್ತಿಯೊಳಗ ಕುಂತವರಿಗೆ. ಪಂಕ್ತಿ ಹೊರಗ ಇಟ್ಟ ಮಂದಿಯ ಸಂಗೀತದ ಮ್ಯಾಲಿನ ಲೇಖನಕ್ಕ ಹುಡುಕಿ ಹುಡುಕಿ ಅದೇ ಪದ ಸಿಕ್ತೇನು ನಿಮಗ?

‘ಕಬಳಿಕೆ’ ಹಾಕ್ರಿ. ಭೂಕಬಳಿಕೆ ದಿನಾ ಪೇಪರಿನ್ಯಾಗ ಬರ್ತದ. ಕೂಲಿಕಾರನಿಂದ ಕಮಿಷನರ್ ತನಕಾ ಎಲ್ಲಾರಿಗೂ ಗೊತ್ತು. ಇನ್ನ ಒಂದ್ ಮಾತು, ‘ಕರಿಯರು’ ಅಂತ ಬರೀಬ್ಯಾಡ್ರಿ. ‘ಕಪ್ಪು ಜನ’ ಅನ್ರಿ, ಸಾಕು.

ಮಾ., ತುಮಕೂರು | 10:50

ಕಬಳ ಸಕ್ಕದದ ಒರೆ (ಸಂಸ್ಕ್ರುತದ ಮಾತು). ಕವಲದಿಂದ ಬಂದದ್ದು. ಕನ್ನಡದ್ದು ತುತ್ತು. ‘ಎಲ್ಲರಿಗೂ ಗೊತ್ತು’ ಅಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

‘ತನ್ನದಾಗಿಸಿಕೆ’ ಎನ್ನಿ. ಬಿಡಿಸಿ ಹೇಳಬೇಕಾದ ಕೆಲಸವೇ ಇಲ್ಲ, ಒರೆಯೇ ಹೇಳುತ್ತದೆ. ಸಂಸ್ಕ್ರುತಿಗೆ ‘ನಡೆನುಡಿ’ ಇದೆ. ನಡೆನುಡಿಯ ತನ್ನದಾಗಿಸಿಕೆ.

ಬಿ.ಎಂ., ಧಾರವಾಡ | 10:53

ಅದನ್ನ ಹೆಡ್ಡಿಂಗ್ ಮಾಡಿದ್ರ ಎಂಟು ಕಾಲಂ ಬೇಕಾಗ್ತದ.

ಜಿ.ಕೆ., ಸುವನ್ (ಕೊರಿಯಾ) | 11:45

ಪದ ಆಮೇಲೆ ನೋಡೋಣ. ಎಸ್.ಆರ್. ಅವರೇ, ಎರಡು ಮೂರು ಬೇರೆ ಬೇರೆ ಸಂಗತಿಗಳನ್ನು ಇಂಗ್ಲಿಷ್ ಒಂದೇ ಪದದಲ್ಲಿ ಗಂಟು ಕಟ್ಟಿದೆಯೇ ನೋಡಿಕೊಳ್ಳಿ. ಕಟ್ಟಿದ್ದರೆ ಕನ್ನಡದಲ್ಲಿ ಬಿಚ್ಚಲೇಬೇಕು.

ನಾನಿರುವುದು ಸುವನ್‌ನಲ್ಲಿ. ರೈಲು ಹತ್ತಿದರೆ ಸಿಯೋಲಿನ ಇಟೆವನ್ ದೂರವೇನಲ್ಲ. ಅದರ ಮಗ್ಗುಲಿನ ಯೊಂಗ್‌ಸಾನ್‌ನಲ್ಲಿ ಅಮೆರಿಕದ ಸೇನೆಯ ಮುಖ್ಯ ಠಾಣೆ ದಶಕಗಟ್ಟಲೆ ಇತ್ತು; 2018ರಲ್ಲಷ್ಟೇ ಪ್ಯೊಂಗ್‌ಟೆಕ್‌ಗೆ ಹೋಯಿತು. ಕೊರಿಯಾ ಯುದ್ಧ ಮುಗಿದ ಮೇಲಿನ ಬಡತನದಲ್ಲಿ ಇಲ್ಲಿನ ಹಾಡುಗಾರರಿಗೆ ನೆಚ್ಚಿಕೊಳ್ಳಬಹುದಾದ ಸಂಪಾದನೆ ಸಿಗುತ್ತಿದ್ದದ್ದು ಠಾಣೆಯ ಕ್ಲಬ್ಬುಗಳಲ್ಲಿ. ಸೈನಿಕರು ಕೇಳಿದ್ದನ್ನು ಹಾಡಬೇಕು. ಕಿಮ್ ಸಿಸ್ಟರ್ಸ್ ಎಂಬ ಮೂವರು ಹುಡುಗಿಯರು ಇಂಗ್ಲಿಷ್ ಬಾರದಿದ್ದರೂ ಹಾಡುಗಳನ್ನು ಬಾಯಿಪಾಠ ಮಾಡಿ ಹಾಡಿ 1959ರಲ್ಲಿ ಲಾಸ್ ವೇಗಸ್ ಮುಟ್ಟಿದರು. ಗಿಟಾರ್ ವಾದಕ ಶಿನ್ ಜುಂಗ್-ಹ್ಯೊನ್ ಬೆಳೆದದ್ದೂ ಆ ಕ್ಲಬ್ಬುಗಳಲ್ಲೇ. ಇದಕ್ಕೆ ಕಬಳಿಕೆ ಅನ್ನುತ್ತೀರಾ? ಹೊಟ್ಟೆಪಾಡು ಅದು.

ಮುಂದೆ ಇಟೆವನ್‌ನ ‘ಮೂನ್ ನೈಟ್’ ಕ್ಲಬ್ಬಿಗೆ ಹೋಗಿ ಕಪ್ಪು ಸೈನಿಕರನ್ನು ನೋಡಿ, ಜೊತೆಗೆ ಕುಣಿದು ಹೆಜ್ಜೆ ಕಲಿತ ಹುಡುಗರು ಬಂದರು. ಹ್ಯೊನ್ ಜಿನ್-ಯಂಗ್, ಯಾಂಗ್ ಹ್ಯೊನ್-ಸುಕ್ ಆ ಗುಂಪಿನವರು. ಯಾಂಗ್ ಇದ್ದ ಸೊ ಟೈಜಿ ಅಂಡ್ ಬಾಯ್ಸ್ 1992ರ ಏಪ್ರಿಲ್ 11ರಂದು ಟೀವಿ ಸ್ಪರ್ಧೆಯಲ್ಲಿ ರ‍್ಯಾಪ್ ಹಾಡಿದಾಗ ತೀರ್ಪುಗಾರರು ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟರು, ಹರೆಯದವರು ಮುಗಿಬಿದ್ದರು. ಅದೇ ತಿಂಗಳು 29ಕ್ಕೆ, ಕಪ್ಪು ವ್ಯಕ್ತಿಯೊಬ್ಬನನ್ನು ಹೊಡೆದ ಪೊಲೀಸರು ಖುಲಾಸೆಯಾದ ಸಿಟ್ಟಿಗೆ, ಲಾಸ್ ಏಂಜಲೀಸ್ ಹೊತ್ತಿಕೊಂಡಿತು. ಕೊರಿಯಾಟೌನಿನ ಅಂಗಡಿಗಳು ಉರಿದವು, ಮಾಲೀಕರು ಬಂದೂಕು ಹಿಡಿದು ಛಾವಣಿ ಹತ್ತಿದರು. ಸಿಯೋಲಿನಲ್ಲಿ ಕಪ್ಪು ಜನರ ತಾಳಕ್ಕೆ ಕುಣಿತ, ಅಲ್ಲಿ ಕಪ್ಪು ನೆರೆಯವರ ಭಯ. ನಿಮ್ಮ ಲೇಖಕಿ ಇದನ್ನು ಹೇಳಿಲ್ಲದಿದ್ದರೆ ಹೇಳಬೇಕಿತ್ತು. ಯಾಂಗ್ 1996ರಲ್ಲಿ ಕಟ್ಟಿದ ಕಂಪನಿಯೇ ವೈಜಿ, ಕೆ-ಪಾಪ್‌ನ ದೊಡ್ಡ ಕಂಪನಿಗಳಲ್ಲೊಂದು.

ಇನ್ನು ದುಡ್ಡು ಕೊಟ್ಟು ಮಾಡಿಸಿಕೊಂಡದ್ದು. ನ್ಯೂ ಜ್ಯಾಕ್ ಸ್ವಿಂಗ್ ಹುಟ್ಟಿಸಿದ, ನ್ಯೂಯಾರ್ಕಿನ ಹಾರ್ಲೆಮ್‌ನ ಟೆಡ್ಡಿ ರೈಲಿಯೇ 2011ರಲ್ಲಿ ಕೊರಿಯಾದ ಹುಡುಗಿಯರ ಗುಂಪು ಗರ್ಲ್ಸ್ ಜನರೇಶನ್‌ಗೆ ಹಾಡು ಮಾಡಿಕೊಟ್ಟರು. ಹೆಸರು ಹಾಕಿ ಮಾಡಿಸಿದ ಕೆಲಸ. ಅಲ್ಲಿ ಕಳವು, ಕಬಳಿಕೆ ಯಾವುದೂ ಕೂರುವುದಿಲ್ಲ.

ಕೂರುವುದು ಮುಖ ಮತ್ತು ಕೂದಲಿನ ಮಾತು ಬಂದಾಗ. 2003ರಲ್ಲಿ ಬಬಲ್ ಸಿಸ್ಟರ್ಸ್ ಎಂಬ ಗುಂಪು ಮುಖಕ್ಕೆ ಕಪ್ಪು ಬಳಿದುಕೊಂಡೇ ಮಾರುಕಟ್ಟೆಗೆ ಬಂತು. 2017ರಲ್ಲಿ ಮಾಮಾಮೂ ಗುಂಪು ಕಛೇರಿಯೊಂದರ ಪರದೆಯ ಮೇಲೆ ಅದನ್ನೇ ಮಾಡಿ ಕ್ಷಮೆ ಕೇಳಿತು. 2020ರಲ್ಲಿ ಏಟೀಜ್ ಗುಂಪಿನ ಹೊಂಗ್‌ಜೂಂಗ್‌ನ ಜಡೆಗೆ ಕಂಪನಿ ಕ್ಷಮೆ ಕೇಳಿತು. ಇವುಗಳ ಪಕ್ಕದಲ್ಲಿ ಇನ್‌ಸೂನಿಯನ್ನು ಇಟ್ಟು ನೋಡಿ. 1957ರಲ್ಲಿ ಹುಟ್ಟಿದ ಗಾಯಕಿ, ತಂದೆ ಅಮೆರಿಕದ ಕಪ್ಪು ಸೈನಿಕ, ತಾಯಿ ಕೊರಿಯನ್. ಟೀವಿಯಲ್ಲಿ ಹಾಡಬೇಕಾದರೆ ಆಕೆ ತನ್ನ ಗುಂಗುರು ಕೂದಲು ಮುಚ್ಚಿಕೊಳ್ಳಬೇಕಿತ್ತು. ಹುಟ್ಟಿನಿಂದ ಬಂದ ಕೂದಲನ್ನು ಆಕೆ ತೋರಿಸುವ ಹಾಗಿರಲಿಲ್ಲ. ಪಾರ್ಲರಿನಲ್ಲಿ ಮಾಡಿಸಿಕೊಂಡವರಿಗೆ ಅದು ‘ಕಾನ್ಸೆಪ್ಟ್’.

ಕೊರಿಯನ್ನರು ಇದಕ್ಕೆ ‘ಮುನ್ಹ್ವಾ ಜೊನ್ಯು’ ಅನ್ನುತ್ತಾರೆ. ಮುನ್ಹ್ವಾ ಸಂಸ್ಕೃತಿ, ಜೊನ್ಯು ಚೀನೀ ಮೂಲದ್ದು, ‘ತಾನೊಬ್ಬನೇ ಹೊಂದುವುದು’. ನಮಗೆ ಸಂಸ್ಕೃತ ಹೇಗೋ ಅವರಿಗೆ ಚೀನೀ.

ನನ್ನ ಸಲಹೆ: ಸಂಗೀತದ ಮಟ್ಟಿಗೆ ‘ಹಂಗು’. ಸಾಲ ಬೇಡ, ಸಾಲ ಅಂದರೆ ಬಡ್ಡಿ ಕಟ್ಟಿ ತೀರಿಸಿ ಪತ್ರ ಹರಿದು ಹಾಕಬಹುದು. ಹಂಗು ಹಾಗೆ ತೀರುವುದಿಲ್ಲ. ಜಡೆಯ ವಿಷಯಕ್ಕೆ ಬೇರೆ ಪದ ಹುಡುಕಿ. ಕಬಳಿಕೆ ನನಗೆ ಒಪ್ಪಿಗೆಯಿಲ್ಲ. ಕಬಳಿಸಿದ ಜಮೀನು ಮೂಲದವನ ಕೈಬಿಟ್ಟು ಹೋಗುತ್ತದೆ, ಜಡೆ ಹಾಗೆ ಹೋಗುವುದಿಲ್ಲ.

ಬಿ.ಎಂ., ಧಾರವಾಡ | ಮಧ್ಯಾಹ್ನ 12:10

ಜಿ.ಕೆ. ಅಣ್ಣಾ, ಮಾಹಿತಿ ಭಾಳ ಛಲೋ ಕೊಟ್ರಿ. ಆದ್ರ ಜಡೆ ಹೋಗೂದಿಲ್ಲ ಅಂದ್ರಲ್ಲ, ಅಲ್ಲೇ ತಪ್ಪಿದ್ರಿ. ಆ ಜಡೆ, ಆ ಕೂದಲ ಇಟ್ಕೊಂಡ್ರ ಅಮೆರಿಕದಾಗ ಕಪ್ಪು ಹೆಣ್ಮಕ್ಕಳಿಗೆ ಕೆಲಸ ಕೊಡತಿರಲಿಲ್ಲ, ಸಾಲ್ಯಾಗಿಂದ ಹೊರಗ ಕಳಸ್ತಿದ್ರು. ಹಂಗ ಮಾಡಬಾರದು ಅಂತ 2019ರಾಗ ಕ್ಯಾಲಿಫೋರ್ನಿಯಾ ಕಾನೂನನ ತರಬೇಕಾತು. ಅವರು ಇಟ್ಕೊಂಡ್ರ ಹೊಲಸು, ಇವರು ಇಟ್ಕೊಂಡ್ರ ಸ್ಟೈಲು. ಕಬಳಿಸಿದ್ದು ಜಡೆ ಅಲ್ರೀ, ಅದರ ಮರ್ಯಾದಿ.

ಕೆ.ವಿ.ಎನ್., ಮೈಸೂರು | 12:40

ಪಂಕ್ತಿಯ ಮಾತು ಇಲ್ಲಿ ಅಪ್ರಸ್ತುತ. ನಾನು ಹೇಳಿದ್ದು ಪದದ ಅರ್ಥ. ಯಾರ ಊಟವನ್ನೂ ನಾನು ಕೆಡಿಸಿಲ್ಲ.

ಈ ಹೊಸ ಪಾಪಪ್ರಜ್ಞೆಯೇ ನನಗೆ ಅರ್ಥವಾಗುತ್ತಿಲ್ಲ. ಕೊಟ್ಟು ತೆಗೆದುಕೊಳ್ಳದೆ ಯಾವ ಕಲೆ ಬೆಳೆದಿದೆ? ಪಿಟೀಲು ಯಾರದು? ಬಾಲುಸ್ವಾಮಿ ದೀಕ್ಷಿತರು ಯುರೋಪಿನ ವಾದ್ಯವನ್ನು ಕಛೇರಿಗೆ ತಂದರು, ಇಂದು ಅದಿಲ್ಲದೆ ಕಛೇರಿಯಿಲ್ಲ. ಯಾರ ಹತ್ತಿರ ಕ್ಷಮೆ ಕೇಳೋಣ? ಭಾಷೆಯೂ ಹಾಗೆ. ಶಬ್ದಮಣಿದರ್ಪಣದ ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ತದ್ಭವಗಳಿಗೆ ಒಂದು ಪ್ರಕರಣ ಕೊಟ್ಟ. ಕಳ್ಳತನದ ದೂರು ಕೊಡಲಿಲ್ಲ.

ಮಾ., ತುಮಕೂರು | 12:52

ಕೊಟ್ಟು ತೆಗೆದುಕೊಳ್ಳುವುದು ಅನ್ನುತ್ತೀರಿ. ಕನ್ನಡ ಸಕ್ಕದಕ್ಕೆ ಕೊಟ್ಟದ್ದು ಎಶ್ಟು, ತೆಗೆದುಕೊಂಡದ್ದು ಎಶ್ಟು? ಲೆಕ್ಕ ಕೊಡಿ.

ಜಿ.ಕೆ., ಸುವನ್ | 1:20

ಮೇಷ್ಟ್ರೇ, ಪಿಟೀಲು ತಂದಾಗ ಆಳುತ್ತಿದ್ದವರು ಇಂಗ್ಲಿಷರು. ಆಳಿಸಿಕೊಂಡವನು ಆಳುವವನಿಂದ ತೆಗೆದುಕೊಂಡರೆ ಯಾರೂ ಕೇಳುವುದಿಲ್ಲ. ಆಕ್ಷೇಪ ಬರುವುದು ಮೇಲಿನವನು ಕೆಳಗಿನವನಿಂದ ಎತ್ತಿಕೊಂಡಾಗ. ಕೊರಿಯಾದ ಕಥೆ ಗೋಜಲಾಗಿರುವುದೇ ಇಲ್ಲಿ. ಕುಣಿತ ಕಲಿಸಿದ ಸೈನಿಕ ಬಂದದ್ದು ದೇಶದೊಳಗೆ ಠಾಣೆ ಹೂಡಿದ ದೊಡ್ಡಣ್ಣನ ಸೇನೆಯ ಜೊತೆ. ಆ ಸೇನೆಯೊಳಗೆ ಅವನೇ ಕೆಳಗಿನವನು. ಅವತ್ತಿನ ಕೊರಿಯನ್ ಹುಡುಗ ಅವನಿಗಿಂತ ಮೇಲೋ ಕೆಳಗೋ? ಹೇಳುವುದು ಕಷ್ಟ. ಇವತ್ತಿನ ಕಂಪನಿಗಳ ವಿಷಯದಲ್ಲಿ ಕಷ್ಟವಿಲ್ಲ. ಅವು ಶೇರುಪೇಟೆಯಲ್ಲಿವೆ.

ಅದಕ್ಕೇ ಹೇಳಿದ್ದು, 1960ಕ್ಕೆ ಒಂದು ಪದ, 2020ಕ್ಕೆ ಒಂದು ಪದ. ಬಿ.ಎಂ. ಹೇಳಿದ ಮರ್ಯಾದೆಯ ಮಾತು ನನಗೂ ನಾಟಿತು. ಆದರೂ ಕಬಳಿಕೆ ಕಂದಾಯ ಇಲಾಖೆಯ ಪದದ ಹಾಗೆ ಕೇಳುತ್ತದೆ.

ವಿ., ಬೆಂಗಳೂರು | 2:05

ಸರ್, ಮೇಡಂ, ನಾನು ಇಲ್ಲಿ ಸುಮ್ಮನೆ ಓದುವವಳು. ಕೆ-ಪಾಪ್ ಕೇಳುವವಳು ಕೂಡ, ಅದಕ್ಕೆ ಬರೆಯುತ್ತಿದ್ದೇನೆ.

2020ರ ಜೂನ್‌ನಲ್ಲಿ ಬ್ಲ್ಯಾಕ್‌ಪಿಂಕ್ ಎಂಬ ಕೆ-ಪಾಪ್ ಗುಂಪಿನ ವಿಡಿಯೊ ಬಂದಾಗ ಸೆಟ್ಟಿನಲ್ಲಿ ಗಣಪತಿ ವಿಗ್ರಹವನ್ನು ನೆಲದ ಮೇಲೆ ಅಲಂಕಾರಕ್ಕೆ ಇಟ್ಟಿದ್ದರು. ಭಾರತದ ಅಭಿಮಾನಿಗಳು ಗಲಾಟೆ ಮಾಡಿದ ಮೇಲೆ ವಿಡಿಯೊದಿಂದ ಅಳಿಸಿದರು. ಆಗ ನಮ್ಮ ಗುಂಪುಗಳಲ್ಲಿ ಎಲ್ಲರೂ ‘ಅವಮಾನ’ ಅಂದರು. ಅದೇ ಹುಡುಗಿಯರು ಜಡೆಯ ವಿಷಯ ಬಂದಾಗ “ಇಷ್ಟಕ್ಕೆಲ್ಲ ಯಾಕೆ, ಬರೀ ಕೂದಲು ತಾನೆ” ಅಂದರು. ನನಗೆ ಅದು ಸರಿ ಕಾಣಲಿಲ್ಲ.

ಇನ್ನೊಂದು: ಬರಹದಲ್ಲಿ ಬಿಟಿಎಸ್ ಎಂಬ ಹುಡುಗರ ಗುಂಪಿನ ವಿಷಯ ಇದೆಯೇ? ಅದೇ ತಿಂಗಳು ಅವರು ತಮ್ಮ ಕಂಪನಿಯ ಜೊತೆ ಕಪ್ಪು ಜನರ ಹಕ್ಕಿನ ಚಳವಳಿ ಬ್ಲ್ಯಾಕ್ ಲೈವ್ಸ್ ಮ್ಯಾಟರ್‌ಗೆ 10 ಲಕ್ಷ ಡಾಲರ್ ಕೊಟ್ಟರು. ಅಭಿಮಾನಿಗಳು ಒಂದೆರಡು ದಿನದಲ್ಲೇ ಅಷ್ಟೇ ಮೊತ್ತ ಕೂಡಿಸಿದರು. ಅದನ್ನು ಹಂಗು ತೀರಿಸಿದ್ದು ಅನ್ನಬಹುದಾ?

ಬಿ.ಎಂ., ಧಾರವಾಡ | 2:11

ಅದು ದೇಣಿಗಿ ತಂಗಿ. ಹಂಗು ರೊಕ್ಕದಾಗ ತೀರೂದಿಲ್ಲ ಅಂತ ಈಗಷ್ಟ ಅಣ್ಣಾವರು ಹೇಳ್ಯಾರ. ಗಣಪತಿ ಮಾತು ಮಾತ್ರ ಭಾಳ ಸರಿ ಹೇಳಿದಿ.

ಕೆ.ವಿ.ಎನ್., ಮೈಸೂರು | 2:30

‘ಹಂಗು’ ಒಪ್ಪಬಹುದು. ‘ಮುನ್ಹ್ವಾ ಜೊನ್ಯು’ ಕೊರಿಯನ್ನರಿಗಿರಲಿ.

ಲೆಕ್ಕ ಕೇಳಿದವರಿಗೆ: ಸಂಸ್ಕೃತದಲ್ಲಿ ದ್ರಾವಿಡ ಪದಗಳಿವೆ ಎಂದು ವಿದ್ವಾಂಸರು ಪಟ್ಟಿಯನ್ನೇ ಕೊಟ್ಟಿದ್ದಾರೆ. ನಿಮಗೆ ಮಹಾಪ್ರಾಣ ಬೇಡವಲ್ಲ, ಅಲ್ಪಪ್ರಾಣದಲ್ಲೇ ಓದಿಕೊಳ್ಳಿ.

ನಿರ್ವಾಹಕರು | 2:34

ವೈಯಕ್ತಿಕ ಚುಚ್ಚುಮಾತು ಸಾಕು. ಕೇಳಿದವರಿಗೆ 6 ಗಂಟೆಗೆ ಪುಟ ಕೊಡಬೇಕು.

ಮಾ., ತುಮಕೂರು | 2:40

ಹಂಗು ಅಚ್ಚಗನ್ನಡ. ನನ್ನದೂ ಒಪ್ಪಿಗೆ. ಉಳಿದದ್ದಕ್ಕೆ ಬೇರೆ ಎಳೆಯಲ್ಲಿ ಉತ್ತರಿಸುತ್ತೇನೆ.

ಎಸ್.ಆರ್., ಬೆಂಗಳೂರು | ಸಂಜೆ 6:20

ಪುಟ ಹೋಯಿತು. ಎಲ್ಲರಿಗೂ ಧನ್ಯವಾದ.

ಮೂಲವನ್ನು ಮತ್ತೆ ಓದಿದಾಗ ಜಿ.ಕೆ. ಅವರು ಹೇಳಿದಂತೆಯೇ ಇತ್ತು, ಸಾಲ ಎಂಬ ಮಾತು ಬಂದರೂ ಠಾಣೆಯ ಕ್ಲಬ್ಬುಗಳಿಂದ ಜಡೆಯವರೆಗೆ ಎಲ್ಲಕ್ಕೂ ಅಪ್ರೋಪ್ರಿಯೇಶನ್ನೇ; ಬೆಳಿಗ್ಗೆ ನಾನು ಬೇರೆ ಮಾಡಿ ಹೇಳಿದ್ದು ತಪ್ಪು. ಲೇಖಕಿಗೆ ಬರೆದು ಕೇಳಿದೆ. ಕನ್ನಡದಲ್ಲಿ ಬಿಡಿಸಿ ಬರೆಯಲು ಒಪ್ಪಿದರು. ಹಾಗಾಗಿ ಠಾಣೆ, ಮೂನ್ ನೈಟ್, ಟೆಡ್ಡಿ ರೈಲಿ ಇರುವಲ್ಲೆಲ್ಲ ‘ಹಂಗು’. ಮುಖಕ್ಕೆ ಬಳಿದ ಕಪ್ಪಿಗೆ ಅಪ್ರೋಪ್ರಿಯೇಶನ್ ಎಂಬ ನಯದ ಪದವೇ ಬೇಡವೆನಿಸಿತು, ‘ಅಣಕ’ ಎಂದು ಹಾಕಿದ್ದೇನೆ. ಜಡೆಯ ಭಾಗದಲ್ಲಿ ‘ಸಾಂಸ್ಕೃತಿಕ ಕಬಳಿಕೆ’ ಉಳಿಸಿಕೊಂಡೆ. ಜಿ.ಕೆ. ಸರ್, ಕಂದಾಯ ಇಲಾಖೆಯ ವಾಸನೆ ಇದೆ ನಿಜ, ಆದರೆ ಬಿ.ಎಂ. ಹೇಳಿದ ಮರ್ಯಾದೆಯ ವಾಕ್ಯವನ್ನು ಅದರ ಬೆನ್ನಿಗೇ ವಿವರಣೆಯಾಗಿ ಇಟ್ಟ ಮೇಲೆ ಓದುವಾಗ ತಡೆಯಲಿಲ್ಲ. ಇನ್‌ಸೂನಿ ಮೂಲದಲ್ಲಿ ಇರಲಿಲ್ಲ, ಲೇಖಕಿಯೇ ಒಂದು ಪ್ಯಾರಾ ಸೇರಿಸಿಕೊಟ್ಟರು. ಶೀರ್ಷಿಕೆ ಸಂಪಾದಕರದು: ‘ಹಂಗು ಮರೆತ ಸಿಂಗಾರ’.

ಕೆ.ವಿ.ಎನ್., ಮೈಸೂರು | 6:45

ಶೀರ್ಷಿಕೆ ಚೆನ್ನಾಗಿದೆ. ಸಿಂಗಾರ ಶೃಂಗಾರದ ತದ್ಭವ ಎಂಬುದನ್ನು ತುಮಕೂರಿನವರು ಗಮನಿಸಿರಬಹುದು.

‘ಐಡಲ್’ಗೆ ಏನು ಮಾಡಿದಿರಿ?

ಎಸ್.ಆರ್., ಬೆಂಗಳೂರು | 6:47

ಐಡಲ್ ಅಂತಲೇ ಬಿಟ್ಟಿದ್ದೇನೆ ಸರ್. ಅದಕ್ಕೆ ದಯವಿಟ್ಟು ಬೇರೆ ಎಳೆ.