ಇಂಜಿನ್ ‘ಕಾದದ್ದಾ, ಕುದ್ದದ್ದಾ, ಉಕ್ಕಿದ್ದಾ?’

ಹಳೆಯ ಕಾರು ಇಟ್ಟುಕೊಂಡಿರುವ ನಾಲ್ಕೈದು ಗೆಳೆಯರಿಗಾಗಿ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಗಾಡಿ ದಾರಿಯಲ್ಲಿ ಕೈಕೊಟ್ಟರೆ ಏನೇನು ನೋಡಬೇಕು ಅಂತ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಓವರ್‌ಹೀಟ್’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಬರೆಯುವುದು? ‘ಅತಿತಾಪ’ ಅಂದರೆ ಜ್ವರದ ಮಾತ್ರೆ ನೆನಪಾಗುತ್ತದೆ. ‘ಅಧಿಕ ಉಷ್ಣತೆಗೆ ಒಳಗಾಗುವಿಕೆ’ ಅಂತ ಓದಿ ಮುಗಿಸುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗದ ಸಂದಿಯನ್ನು ಬಿಗಿಯಾಗಿ ಮುಚ್ಚುವ ಹಾಳೆ) ಹೋಗಿರುತ್ತದೆ. ಎಲ್ಲರೂ ಆಡುವುದು ‘ಹೀಟ್ ಆಯ್ತು’. ಸುಮ್ನೆ ಅದನ್ನೇ ಬರೆದುಬಿಡೋಣ ಅಂತಿದ್ದೆ. ಆದರೆ ಹೋದ ಏಪ್ರಿಲ್‌ನಲ್ಲಿ ಕೊಟ್ಟಿಗೆಹಾರದಲ್ಲಿ ಕೇಳಿದ ಒಂದು ಪ್ರಶ್ನೆ ಬಿಡುತ್ತಿಲ್ಲ.

ನಮ್ಮದು 1996ರ ಮಾರುತಿ 800. ಮಧ್ಯಾಹ್ನದ ಬಿಸಿಲಲ್ಲಿ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಒಂದು ಬಸ್ಸು, ನಾವು ಎರಡನೇ ಗೇರಿನಲ್ಲಿ ಅದರ ಹಿಂದೆ. ಬಾನೆಟ್ ಸಂದಿನಿಂದ ಹಬೆ ಬಂತು. ಬದಿಗೆ ನಿಲ್ಲಿಸಿ, ಮುಕ್ಕಾಲು ಗಂಟೆ ತಣಿಯಲು ಬಿಟ್ಟು, ಕುಡಿಯುವ ನೀರನ್ನೆಲ್ಲ ಇಂಜಿನ್ ನೀರು ತಣಿಸುವ ರೇಡಿಯೇಟರಿಗೆ ಸುರಿದು ಹೇಗೋ ಮೇಲೆ ಕೊಟ್ಟಿಗೆಹಾರ ಮುಟ್ಟಿದೆವು. ಅಲ್ಲಿ ಮೆಕ್ಯಾನಿಕ್ ಹತ್ತಿರ ‘ಹೀಟ್ ಆಯ್ತು’ ಅಂದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ.

‘ಕಾದದ್ದಾ, ಕುದ್ದದ್ದಾ, ಉಕ್ಕಿದ್ದಾ?’

ಮೂರೂ ಒಂದೇ ಅಲ್ವಾ ಅಂದೆ. ‘ನೀವು ಮನೆಯಲ್ಲಿ ಹಾಲು ಕಾಯಿಸಿದ್ದು ಉಂಟಾ ಸಾರ್?’ ಅಂತ ನಕ್ಕರು.

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಕಾಯುವುದು ಲೋಹದ ಮಾತು. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿದೆ, ಆದರೆ ಹಬೆ ಇಲ್ಲ, ನೀರೂ ಕಡಿಮೆಯಾಗಿಲ್ಲ. ಅಂದರೆ ನೀರು ಇದೆ, ಬಿಸಿ ಹೊರಗೆ ಹೋಗುತ್ತಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಕಾದು, ಓಡುವಾಗ ತಣಿದರೆ ಫ್ಯಾನ್ ನೋಡಬೇಕು. ಮಾರುತಿಯಲ್ಲಾದರೆ ಅದು ಕರೆಂಟಿನದು, ಫ್ಯೂಸ್, ಸ್ವಿಚ್ ನೋಡಿ. ಹಳೆಯ ಪದ್ಮಿನಿ ಕಾರಿನಲ್ಲಾದರೆ ಫ್ಯಾನ್ ತಿರುಗಿಸುವ ಬೆಲ್ಟ್ ಸಡಿಲವಾಗಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಓಡುವಾಗಲೂ ಕಾದರೆ ಥರ್ಮೋಸ್ಟಾಟ್ (ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ಒಳಗೆ ಉಪ್ಪು ಕಟ್ಟಿದೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿಸಿದರೆ ಬಚ್ಚಲ ಹಂಡೆಗೆ ಆಗುವುದೇ ಇಲ್ಲೂ ಆಗುತ್ತದೆ.

ಕುದಿಯುವುದು ನೀರಿನ ಮಾತು. ನೀರು 100 ಡಿಗ್ರಿಗೆ ಕುದಿಯುತ್ತದೆ, ಸರಿ. ಆದರೆ ರೇಡಿಯೇಟರ್ ಕ್ಯಾಪ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ನಮ್ಮ ಕ್ಯಾಪಿನ ಮೇಲೆ 0.9 ಅಂತ ಅಚ್ಚಿದೆ, ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 0.9 ಬಾರ್ ಹೆಚ್ಚು. ಅಷ್ಟು ಒತ್ತಡ ನಿಂತರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರಿಗೆ ಕೂಲಂಟ್ ದ್ರವ ಬೆರೆಸಿದ್ದರೆ ಇನ್ನೂ ಮೇಲೆ. ಕ್ಯಾಪ್ ಸಡಿಲವಾದರೆ ಇಂಜಿನ್ ಅಷ್ಟೇನೂ ಕಾಯದೆಯೇ ನೀರು ಕುದಿಯುತ್ತದೆ.

ಉಕ್ಕುವುದು ಇನ್ನೂ ಬೇರೆ. ಬೆಳಿಗ್ಗೆ ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿ. ಒಂದೇ ಸಮ ಗುಳ್ಳೆ ಎದ್ದು ನೀರು ಮೇಲೆ ಬಂತೆಂದರೆ ಅದು ಕುದಿಯಲ್ಲ. ಸಿಲಿಂಡರಿನ ಹೊಗೆ ಹೆಡ್ ಗ್ಯಾಸ್ಕೆಟ್ ಸಂದಿಯಿಂದ ನುಗ್ಗಿ ನೀರನ್ನು ತಳ್ಳುತ್ತಿದೆ. ಇದು ಖರ್ಚಿನ ದಾರಿ. (ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. ಮುಖವೇ ಬೇಯುತ್ತದೆ.)

ನಮ್ಮ ಗಾಡಿಯಲ್ಲಿ, ರೇಡಿಯೇಟರ್ ಹೊರಗೆ ತಳ್ಳಿದ ನೀರು ಸೇರುವ ಪಕ್ಕದ ಪ್ಲಾಸ್ಟಿಕ್ ಬಾಟಲಿ ಕಂಠಮಟ್ಟ ತುಂಬಿತ್ತು, ರೇಡಿಯೇಟರ್ ಅರ್ಧ ಖಾಲಿ. ತಣಿದ ಮೇಲೆ ಬಾಟಲಿಯ ನೀರನ್ನು ರೇಡಿಯೇಟರ್ ವಾಪಸ್ ಒಳಗೆ ಎಳೆದುಕೊಳ್ಳಬೇಕಿತ್ತು. ಕ್ಯಾಪ್ ತಿರುಗಿಸಿ ತೋರಿಸಿದರು: ಅಡಿಯ ರಬ್ಬರ್ ಹಪ್ಪಳದ ಹಾಗೆ ಬಿರುಕು ಬಿಟ್ಟಿತ್ತು. ಕುದ್ದಿದೆ, ಜಾಸ್ತಿ ಕಾದಿಲ್ಲ ಅಂದರು. ಹೊಸ ಕ್ಯಾಪ್ ಹಾಕಿದ ಮೇಲೆ ಇಲ್ಲಿವರೆಗೆ ತೊಂದರೆ ಇಲ್ಲ. ನಾನು ಕೊಟ್ಟ ‘ಹೀಟ್’ ಅನ್ನುವ ಒಂದೇ ಮಾತನ್ನು ನಂಬಿದ್ದರೆ ಪಾಪ ಅವರು ಎಲ್ಲಿಂದ ಶುರು ಮಾಡಬೇಕಿತ್ತು?

ಈಗ ನನ್ನ ತಕರಾರು. ಈ ಮೂರಕ್ಕೂ ಮೇಲೆ ಕೂರುವ ಒಂದು ಮಾತು ಬೇಕೆಂದರೆ ‘ಮಿತಿಮೀರಿ ಕಾಯುವುದು’ ಸಾಕು ಅನ್ನಿಸುತ್ತದೆ. ಕಾವು, ಕಾದ ಎಣ್ಣೆ, ಚಳಿ ಕಾಯಿಸುವುದು, ದೋಸೆ ಹೊಯ್ಯುವ ಕಾವಲಿ, ಎಲ್ಲ ಇದೇ ಬುಡದವು. ಆದರೆ ಎದುರು ನೋಡುವ ‘ಕಾಯು’ ಕೂಡ ಇದೆಯಲ್ಲ. ಎರಡಕ್ಕೂ ಭೂತರೂಪ ‘ಕಾದು’ ಅಂತಲೇ ಬರುತ್ತದೆ. ‘ಗಾಡಿ ಘಾಟಿಯಲ್ಲಿ ಮುಕ್ಕಾಲು ಗಂಟೆ ಕಾದಿತ್ತು’ ಅಂದರೆ ಏನು? ಬಿಸಿಯಾಗಿತ್ತಾ, ನಿಂತಿತ್ತಾ? ಬಿಸಿಯದಕ್ಕೆ ‘ಕಾದ’, ಎದುರು ನೋಡುವುದಕ್ಕೆ ‘ಕಾಯ್ದ’ ಅಂತ ಬೇರೆ ಮಾಡಿ ಬರೆಯುವ ರೂಢಿ ನಿಮ್ಮಲ್ಲಿ ಇದೆಯಾ? ಇದ್ದರೆ ಅದನ್ನೇ ಹಿಡಿಯುತ್ತೇನೆ.

ಇನ್ನೊಂದು. ಅಜ್ಜಿ ಅನ್ನಕ್ಕೆ ಇಟ್ಟ ಎಸರು ‘ಮರಳಿತು’ ಅನ್ನುತ್ತಿದ್ದರು, ‘ಕುದಿಯಿತು’ ಅನ್ನುತ್ತಿರಲಿಲ್ಲ. ಗುಳ್ಳೆ ಎದ್ದು ನೀರು ಅಡಿಯಿಂದ ಮೇಲಕ್ಕೆ ತಿರುಗುವ ಹೊತ್ತಿಗೆ ಆ ಮಾತು. ಗ್ಯಾಸ್ಕೆಟ್ ಹೋದ ರೇಡಿಯೇಟರ್ ಬಾಯಲ್ಲಿ ಕಾಣುವುದಕ್ಕೆ ಇದೇ ಹತ್ತಿರ ಅಂತ ನನಗೆ ಆಸೆ. ಆದರೆ ಅದು ಬಿಸಿಯಿಲ್ಲದ ಗುಳ್ಳೆ, ಎಸರು ಬಿಸಿಯದು. ಹಾಗಾಗಿ ಹಿಂಜರಿಕೆ. ನಿಮ್ಮ ಊರಿನ ಗ್ಯಾರೇಜಿನಲ್ಲಿ, ಟ್ರ್ಯಾಕ್ಟರಿಗೋ ಪಂಪ್‌ಸೆಟ್ಟಿಗೋ ಸರಿ, ‘ನೀರು ಮರಳ್ತಿದೆ’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಯಾವ ಊರು, ಯಾವ ಗಾಡಿ ಅಂತಲೂ ಬರೆಯಿರಿ. ಟಿಪ್ಪಣಿಯ ಮೊದಲ ಸಾಲು ಇನ್ನೂ ಖಾಲಿಯೇ ಇದೆ.