ಸಹಾಯ ಬೇಕು: ಅಡಿಕೆ ಹಾಳೆ ಮೇಲೆ ಗೀಚುವ ಮಕ್ಕಳು ಕಾಗದ ಮುಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಅಂಗನವಾಡಿಯಲ್ಲಿ ಟೀಚರ್. ಮೂರರಿಂದ ಐದು ವರ್ಷದ ಮಕ್ಕಳು. ಕೆಲವರ ಮನೆಮಾತು ತುಳು, ಕೆಲವರದ್ದು ಮಲಯಾಳ, ಉಳಿದವರದ್ದು ಕನ್ನಡ.

ಗೀಚುವ ಆಟಕ್ಕೇನೂ ಕೊರತೆಯಿಲ್ಲ. ಅಡಿಕೆ ಹಾಳೆಯ ಒಳಮೈ ಮೇಲೆ ಬರೆಯಲು ಇದ್ದಿಲು ಕೊಟ್ಟರೆ ಸಾಕು, ಮೊಣಕಾಲೂರಿ ಇಡೀ ತೋಳು ಬೀಸಿ ಗೆರೆ ಎಳೆಯುತ್ತಾರೆ. ಬಸಳೆ ಹಣ್ಣು ಹಿಂಡಿ ಬೆರಳಚ್ಚು ಹಾಕಿದ್ದೂ ಆಯಿತು. (ಅಂಗಿಯ ಕಲೆ ನೋಡಿ ಅಮ್ಮಂದಿರು ಹೇಳಿದ್ದನ್ನು ಇಲ್ಲಿ ಬರೆಯೋದು ಬೇಡ!)

ಆದರೆ ಕಾಗದ, ಕ್ರಯಾನ್ ಕೊಟ್ಟ ಕೂಡಲೇ ಕೆಲವರು ಸುಮ್ನೆ ಕೂರುತ್ತಾರೆ. ನಾಲ್ಕು ವರ್ಷದ ಒಬ್ಬಳಂತೂ "ಟೀಚರ್, ನೀವೇ ಬರೀರಿ" ಎಂದು ಕೈಯನ್ನು ಬೆನ್ನ ಹಿಂದೆ ಅಡಗಿಸುತ್ತಾಳೆ. ದಪ್ಪ ತುಂಡು ಕ್ರಯಾನ್ ಕೊಟ್ಟು ನೋಡಿದೆ. ಕಾಗದವನ್ನು ಗೋಡೆಗೆ ಅಂಟಿಸಿದಾಗ ಸ್ವಲ್ಪ ಪರವಾಗಿಲ್ಲ, ಕೂತು ಬರೆಯುವಾಗ ಮತ್ತೆ ಅದೇ ಕಥೆ.

ಇತ್ತ ಮನೆಯವರ ಒತ್ತಡ. "ವಿಜಯದಶಮಿಗೆ ಅಕ್ಕಿಯಲ್ಲಿ ಬರೆಸಿ ಆಗಿದೆ, ಇನ್ನೂ ಅಕ್ಷರ ಶುರು ಮಾಡಿಲ್ವಾ?" ಅಂತಾರೆ. ಚುಕ್ಕಿ ಮೇಲೆ ತಿದ್ದುವ ಪುಸ್ತಕ ತಂದುಕೊಟ್ಟವರೂ ಇದ್ದಾರೆ. ನನಗದು ಇಷ್ಟವಿಲ್ಲ. ಭುಜ, ಮಣಿಕಟ್ಟು ಗಟ್ಟಿಯಾದ ಮೇಲೆ ತಾನೇ ಬೆರಳಿಗೆ ಹಿಡಿತ ಬರೋದು? ಮಳೆಗಾಲವಾದ್ದರಿಂದ ಅಂಗಳದ ಮಣ್ಣಾಟವೂ ನಿಂತಿದೆ.

ಅನುಭವ ಇರುವವರು ಹೇಳಿ: ಹಾಳೆ ಮೇಲಿನ ದೊಡ್ಡ ಗೆರೆಗೂ ಕಾಗದದ ಸಣ್ಣ ಗೆರೆಗೂ ನಡುವೆ, ಒಳಗೆ ಕೂತೇ ಮಾಡಿಸಬಹುದಾದ ಚಟುವಟಿಕೆ ಯಾವುದು? ಕೈ ಅಡಗಿಸುವ ಮಗುವನ್ನು ಒತ್ತಾಯಿಸದೆ ಬಿಡಬೇಕಾ, ಇಲ್ಲಾ ಪಕ್ಕ ಕೂತು ನಾನೂ ಗೀಚಬೇಕಾ?